ಪಂಪ್ ಈರಭದ್ರಪ್ಪನ ಹೆದರಿಕೆ

ಹೆದರುವುದರಲ್ಲಿ ಈರಭದ್ರಪ್ಪನನ್ನು ಮೀರಿಸುವವರು ತರೀಕೆರೆಯಲ್ಲಿ ಇರಲಿಲ್ಲ. ಗುಡುಗಿದರೆ ಶೆಡ್ಡಿನ ಒಳಮೂಲೆ ಸೇರುತ್ತಿದ್ದ. ಎದುರಿಗೆ ಬಂದ ಎಮ್ಮೆ ಸುಮ್ಮನೆ ತಲೆ ಕೊಡವಿದರೂ ರಸ್ತೆಯ ಆ ಬದಿಗೆ ದಾಟುತ್ತಿದ್ದ. ಪೊಲೀಸ್ ಜೀಪು ಕಂಡರಂತೂ ಕೈಯಲ್ಲಿದ್ದ ಸ್ಪ್ಯಾನರ್ ಕೆಳಗಿಟ್ಟು, ತಾನೇ ಏನೋ ಕದ್ದವನ ಹಾಗೆ ನಿಂತುಬಿಡುತ್ತಿದ್ದ. "ನಮ್ಮನೆಯವರ ಎದೇಲಿ ಗುಬ್ಬಚ್ಚಿ ಐತೆ ಕಣ್ರೀ" ಎಂದು ಹೆಂಡತಿ ಶಕುಂತಲಮ್ಮ ಅಕ್ಕಪಕ್ಕದವರ ಹತ್ತಿರ ಹೇಳಿ ನಗುತ್ತಿದ್ದಳು.

ಲಾರಿ ಇಂಜಿನ್ನಿಗೆ ಡೀಸೆಲ್ ಊಡಿಸುವ ಪಂಪಿನ ಮುಂದೆ ಕೂತಾಗ ಮಾತ್ರ ಅವನ ಕೈಗೆ ಭಯವಿರಲಿಲ್ಲ. ಬುಕ್ಕಾಂಬುಧಿ ಕಡೆಯ ಒಕ್ಕಲು ಮನೆತನದವನು. ಹೊಲ, ತೆಂಗಿನ ತೋಟ ಎರಡನ್ನೂ ಅಣ್ಣಂದಿರಿಗೆ ಬಿಟ್ಟು ದಾವಣಗೆರೆಗೆ ಹೋಗಿ ಆರು ವರ್ಷ ಕೆಲಸ ಕಲಿತಿದ್ದ. ೧೯೭೧ರಲ್ಲಿ ತರೀಕೆರೆಯ ಬಿ.ಎಚ್. ರಸ್ತೆಯಲ್ಲಿ ತಗಡಿನ ಶೆಡ್ಡು ಹಾಕಿ, ಪಂಪು ಎಷ್ಟು ಡೀಸೆಲ್ ಬಿಡುತ್ತದೆ ಎಂದು ಅಳೆಯುವ, ಹನ್ನೆರಡು ಗಾಜಿನ ಕೊಳವೆಗಳ ಒಂದು ಟೆಸ್ಟ್ ಬೆಂಚ್ ತಂದು ನಿಲ್ಲಿಸಿದ. ಕಡೂರು, ಬೀರೂರು, ಅಜ್ಜಂಪುರದ ಲಾರಿಗಳೆಲ್ಲ ಅವನ ಹತ್ತಿರವೇ ಬರತೊಡಗಿದವು. ಜನ ಅವನನ್ನು ಪಂಪ್ ಈರಭದ್ರಪ್ಪ ಎಂದೇ ಕರೆದರು.

ಲಾರಿಯವರು ಬರುತ್ತಿದ್ದುದು ಹೆಚ್ಚಾಗಿ ಒಂದೇ ಕೆಲಸಕ್ಕೆ. ಇಂಜಿನ್ನಿಗೆ ಎಷ್ಟು ಡೀಸೆಲ್ ಹೋಗಬೇಕು ಎನ್ನುವುದನ್ನು ತೀರ್ಮಾನಿಸುವ ಸ್ಕ್ರೂ ಒಂದು ಪಂಪಿನಲ್ಲಿ ಇರುತ್ತದೆ. ಅದನ್ನು ಯಾರೂ ಮುಟ್ಟದಿರಲಿ ಎಂದು ತಂತಿ ಸುತ್ತಿ ಸೀಸದ ಸೀಲು ಒತ್ತಿರುತ್ತಾರೆ. ಆ ಸೀಲು ಕಿತ್ತು ಅರ್ಧ ಸುತ್ತು ತಿರುಗಿಸಿದರೆ ಸಾಕು, ಎಂಟು ಟನ್ನಿನ ಗಾಡಿ ಹನ್ನೊಂದು ಟನ್ ಎಳೆಯುತ್ತದೆ. ಇಂಜಿನ್ನು ಸುಡಲಾರದೆ ಉಳಿದ ಡೀಸೆಲ್ ಕರೀ ಮಸಿಯಾಗಿ ಸೈಲೆನ್ಸರಿನಿಂದ ಹೊರಬೀಳುತ್ತದೆ. ಅದು ಯಾರಿಗೂ ತಪ್ಪಾಗಿ ಕಾಣುತ್ತಿರಲಿಲ್ಲ. "ಹೊಗೆ ಬಂದ್ರೆ ತಾನೇ ಗಾಡೀಲಿ ಜೀವ ಐತೆ ಅನ್ನೋದು" ಎಂದು ಮಾಲೀಕರು ಹೆಮ್ಮೆ ಪಡುತ್ತಿದ್ದರು. ಈರಭದ್ರಪ್ಪನೂ ಹಾಗೇ ಅಂದುಕೊಂಡಿದ್ದ. ಕಿತ್ತ ಸೀಲುಗಳನ್ನು ಒಂದು ಹಳೆಯ ಕಾಫಿಪುಡಿ ಡಬ್ಬಿಯಲ್ಲಿ ಹಾಕಿಡುತ್ತಿದ್ದ. ಯಾಕೆ ಇಡುತ್ತಿದ್ದ ಎಂದರೆ ಅವನಿಗೇ ಗೊತ್ತಿರಲಿಲ್ಲ. ಸೀಸ ಯಾವಾಗಲಾದರೂ ಉಪಯೋಗಕ್ಕೆ ಬಂದೀತು ಎಂದಿರಬೇಕು.

೧೯೭೮ರ ಫೆಬ್ರವರಿಯಲ್ಲಿ ಒಂದು ದಿನ ಘಟ್ಟದ ಮೇಲಿನ ಕಾಫಿ ತೋಟವೊಂದರಲ್ಲಿ ನೀರೆತ್ತುವ ಇಂಜಿನ್ನು ಕೆಟ್ಟಿದೆ ಎಂದು ಹೇಳಿ ಕಳಿಸಿದ್ದರು. ಈರಭದ್ರಪ್ಪ ಸಾಮಾನಿನ ಚೀಲ ಹಿಡಿದು ಬೆಳಗಿನ ಬಸ್ಸು ಹತ್ತಿದ. ಡ್ರೈವರಿನ ಹಿಂದಿನ ಸೀಟು ಸಿಕ್ಕಿತು. ಡ್ರೈವರು ಕಡೂರಿನ ಸಿದ್ದಪ್ಪ, ಹದಿನೈದು ವರ್ಷದಿಂದ ಅದೇ ರಸ್ತೆಯಲ್ಲಿ ಬಸ್ಸು ಓಡಿಸುತ್ತಿದ್ದವನು.

ಲಿಂಗದಹಳ್ಳಿ ದಾಟಿ ಏರು ಶುರುವಾಗುವಲ್ಲಿ ಮುಂದೆ ಒಂದು ಲಾರಿ ಸಿಕ್ಕಿತು. ಗೊಬ್ಬರದ ಮೂಟೆಗಳನ್ನು ತಲೆ ಮೀರಿ ಹೇರಿತ್ತು. ಅದರ ಡ್ರೈವರು ಗೇರು ಬದಲಿಸಿ ಆಕ್ಸಿಲರೇಟರ್ ತುಳಿದಾಗಲೆಲ್ಲ ಕಂಬಳಿಯಂಥ ಹೊಗೆ ಬಂದು ಬಸ್ಸಿನ ಗಾಜಿಗೆ ಬಡಿಯುತ್ತಿತ್ತು. ಒಳಗೆ ಕೂತವರು ಸೆರಗು, ಟವೆಲು ಮೂಗಿಗೆ ಹಿಡಿದರು. ಹೊಗೆ ಒಂದು ಗಳಿಗೆ ಸರಿದಾಗ ಲಾರಿಯ ಹಿಂಬದಿ ಹಲಗೆ ಈರಭದ್ರಪ್ಪನಿಗೆ ಕಂಡಿತು. ಅದರ ಮೇಲೆ ಎರಡು ನವಿಲು ಬರೆದಿತ್ತು. ಕಡೂರಿನ ಷಣ್ಮುಖಪ್ಪನ ಗಾಡಿ. ಎಂಟು ದಿನದ ಕೆಳಗೆ ಅದರ ಸೀಲು ಕಿತ್ತವನು ತಾನೇ. ಅರ್ಧ ಸುತ್ತು ಸಾಲದು ಎಂದು ಷಣ್ಮುಖಪ್ಪ ಹಠ ಹಿಡಿದಿದ್ದಕ್ಕೆ ಮುಕ್ಕಾಲು ಸುತ್ತು ತಿರುಗಿಸಿದ್ದ.

ಸಿದ್ದಪ್ಪ ಹಾರ್ನ್ ಮಾಡಿ ಮಾಡಿ ಬೇಸತ್ತು, ರಸ್ತೆ ಸ್ವಲ್ಪ ಅಗಲವಾದಲ್ಲಿ ಬಸ್ಸನ್ನು ಬಲಕ್ಕೆ ತೆಗೆದ. ಅದೇ ಹೊತ್ತಿಗೆ ಲಾರಿಯವನೂ ತುಳಿದ. ಮುಂದಿನ ಗಾಜು ಕಪ್ಪಾಯಿತು. ಹಗಲು ಹನ್ನೊಂದು ಗಂಟೆಯಲ್ಲಿ ಬಸ್ಸಿನೊಳಗೆ ಮುಸ್ಸಂಜೆಯಾದ ಹಾಗಾಯಿತು. "ಏನೂ ಕಾಣಾಕಿಲ್ಲ, ಏನೂ ಕಾಣಾಕಿಲ್ಲ" ಎಂದು ಸಿದ್ದಪ್ಪ ಕೂಗುತ್ತಾ ಬ್ರೇಕು ಒತ್ತಿದ್ದು, ಮುಂದಿನ ಚಕ್ರದ ಕಡೆಯಿಂದ ಒಂದು ಹೆಂಗಸಿನ ಚೀರಾಟ ಕೇಳಿದ್ದು, ಎರಡೂ ಒಟ್ಟಿಗೇ ಆದವು.

ರಸ್ತೆಯ ಬಲಬದಿಯಲ್ಲಿ ಗುಂಡಿ ಮುಚ್ಚುವ ಕೂಲಿಯವರಿದ್ದರು. ಕೆಂಚಮ್ಮ ಎಂಬ ಹೆಂಗಸು ಜಲ್ಲಿ ಬುಟ್ಟಿ ಹೊತ್ತು ನಿಂತಿದ್ದಳು. ಬಸ್ಸು ಅವಳಿಗೂ ಕಂಡಿರಲಿಲ್ಲ. ಎಡಗಾಲು ಮೊಣಕಾಲಿನ ಕೆಳಗೆ ಚಕ್ರಕ್ಕೆ ಸಿಕ್ಕಿತ್ತು. ಅದೇ ಬಸ್ಸು ತಿರುಗಿಸಿ ಅವಳನ್ನು ತರೀಕೆರೆ ಆಸ್ಪತ್ರೆಗೆ ತಂದರು. ದಾರಿಯುದ್ದಕ್ಕೂ ಆ ಕಾಲು ಅಲುಗದ ಹಾಗೆ ಹಿಡಿದುಕೊಂಡು ಕೂತವನು ಈರಭದ್ರಪ್ಪ. ಅವಳ ಮುಖವೆಲ್ಲ ಮಸಿಯಾಗಿತ್ತು. ಕಣ್ಣೀರು ಹರಿದ ಕಡೆ ಮಾತ್ರ ಎರಡು ಗೆರೆ ಚರ್ಮ ಕಾಣುತ್ತಿತ್ತು. ನವಿಲಿನ ಲಾರಿ ನಿಲ್ಲಲೇ ಇಲ್ಲ. ಹಿಂದೆ ಏನಾಯಿತೆಂದು ಅದರ ಡ್ರೈವರಿಗೆ ಗೊತ್ತೇ ಆಗಿರಲಿಲ್ಲ.

ಪೊಲೀಸರು ಸಿದ್ದಪ್ಪನ ಮೇಲೆ ಕೇಸು ಹಾಕಿದರು. ಬಸ್ಸಿನ ಮಾಲೀಕರು ಅವನನ್ನು ಕೆಲಸದಿಂದ ತೆಗೆದು ಮನೆಗೆ ಕಳಿಸಿದರು.

ಅಲ್ಲಿಂದ ಮುಂದೆ ಈರಭದ್ರಪ್ಪನನ್ನು ಹಿಡಿದ ಹೆದರಿಕೆ ಬೇರೆಯದೇ ಜಾತಿಯದು. ಬಿ.ಎಚ್. ರಸ್ತೆಯಲ್ಲಿ ಹೊಗೆ ಬಿಡುತ್ತಾ ಲಾರಿ ಹೋದರೆ ಅದರ ಹಿಂದೆ ಯಾರಿದ್ದಾರೆ ಎಂದು ಓಡಿಹೋಗಿ ನೋಡುತ್ತಿದ್ದ. ಸೈಕಲ್ಲಿನವನೊಬ್ಬ ಆ ಹೊಗೆಯಿಂದ ಹೊರಬಂದು ಕಂಡರೆ ಆಗ ಉಸಿರು ಬಿಡುತ್ತಿದ್ದ. ತಾನು ಸೀಲು ಕಿತ್ತ ಲಾರಿಗಳು ಈ ಕ್ಷಣದಲ್ಲಿ ಎಲ್ಲೆಲ್ಲಿ ಓಡುತ್ತಿವೆ, ಯಾವ ಏರಿನಲ್ಲಿ, ಯಾರ ಮುಂದೆ ಎಂದು ಯೋಚಿಸತೊಡಗಿದರೆ ಕೈ ತಣ್ಣಗಾಗುತ್ತಿತ್ತು.

ಎರಡು ತಿಂಗಳಾದ ಮೇಲೆ ಸಿದ್ದಪ್ಪ ಶೆಡ್ಡಿಗೆ ಬಂದ. ಗಡ್ಡ ಬಿಟ್ಟಿದ್ದ. "ಅವತ್ತು ನೀವು ನನ್ನ ಹಿಂದೇನೇ ಕೂತಿದ್ರಿ ಮೇಸ್ತ್ರಿ. ಮುಂದೇನೂ ಕಾಣ್ಲಿಲ್ಲ ಅಂತ ಕೋರ್ಟಲ್ಲಿ ಒಂದು ಮಾತು ಹೇಳ್ರಿ, ಅಷ್ಟೇ ಸಾಕು" ಎಂದ.

ಕೋರ್ಟು ಎಂಬ ಶಬ್ದ ಕೇಳಿಯೇ ಈರಭದ್ರಪ್ಪ ಕೈಯಲ್ಲಿದ್ದ ಸ್ಪ್ಯಾನರ್ ಕೆಳಗಿಟ್ಟ. ಆಯ್ತು ಅಂತಲೂ ಅನ್ನಲಿಲ್ಲ, ಆಗಲ್ಲ ಅಂತಲೂ ಅನ್ನಲಿಲ್ಲ. ಮಧ್ಯಾಹ್ನ ಮನೆಗೆ ಹೋದವನು ಅಡುಗೆಮನೆ ಬಾಗಿಲಲ್ಲಿ ನಿಂತು ಎಲ್ಲವನ್ನೂ ಶಕುಂತಲಮ್ಮನಿಗೆ ಹೇಳಿಬಿಟ್ಟ. ಅವಳು ರೊಟ್ಟಿ ತಟ್ಟುವುದನ್ನು ನಿಲ್ಲಿಸಿ ಕೇಳಿದಳು.

"ಹೊಗೆ ಇತ್ತು ಅಂದ್ರೆ ಯಾರ ಲಾರಿ ಅಂತ ಕೇಳ್ತಾರೆ. ಯಾರ ಲಾರಿ ಅಂದ್ರೆ ಯಾಕಷ್ಟು ಹೊಗೆ ಅಂತಾರೆ. ನನ್ನನ್ನ ಒಳಗೆ ಹಾಕಿದ್ರೆ ಏನೇ ಮಾಡ್ತೀಯ?"

"ಹೇಳ್ದೆ ಇದ್ರೆ ಹೆದ್ರಿಕೆ ಹೋಗ್ತದಾ?"

"ಇಲ್ಲ."

"ಹೇಳಿದ್ರೆ?"

"ಆಗ್ಲೂ ಹೋಗಲ್ಲ ಕಣೇ."

"ಹಂಗಾದ್ರೆ ಹೇಳೇ ಹೆದ್ರಿಕೊಳ್ರಿ" ಎಂದಳು ಶಕುಂತಲಮ್ಮ. ಅವತ್ತು ಅವಳು ನಗಲಿಲ್ಲ.

ಸಾಕ್ಷಿ ಹೇಳುವ ದಿನ ಈರಭದ್ರಪ್ಪ ಕಾಫಿಪುಡಿ ಡಬ್ಬಿಯನ್ನು ಟವೆಲಿನಲ್ಲಿ ಸುತ್ತಿಕೊಂಡು ಹೋದ. ಕಟಕಟೆ ಹತ್ತಿದ. ಸಿದ್ದಪ್ಪನ ವಕೀಲರು ಕೇಳಿದ್ದಕ್ಕೆ, ಹೊಗೆಯಲ್ಲಿ ಮುಂದೇನೂ ಕಾಣಲಿಲ್ಲ ಎಂದ. ಅಲ್ಲಿಗೇ ಇಳಿದು ಬರಬಹುದಿತ್ತು. ವಕೀಲರು ಕೂತೂ ಆಗಿತ್ತು. ಈರಭದ್ರಪ್ಪ ಇಳಿಯಲಿಲ್ಲ. "ಇನ್ನೊಂದು ಮಾತೈತೆ ಸ್ವಾಮಿ" ಎಂದು ಟವೆಲು ಬಿಚ್ಚಿ ಡಬ್ಬಿಯನ್ನು ಮುಂದಿಟ್ಟ. "ಇವೆಲ್ಲ ನಾನು ಕಿತ್ತ ಸೀಲುಗಳು. ಮುಂದಿದ್ದ ಷಣ್ಮುಖಪ್ಪೋರ ಲಾರೀದೂ ಇದ್ರಲ್ಲೇ ಐತೆ. ಅಷ್ಟು ಹೊಗೆ ಬರೋ ಹಂಗೆ ಮಾಡಿದ್ದು ನನ್ನ ಕೈ. ಡ್ರೈವರ್‌ದೇನೂ ತಪ್ಪಿಲ್ಲ."

ಮ್ಯಾಜಿಸ್ಟ್ರೇಟರು ಕನ್ನಡಕ ತೆಗೆದು ಕೇಳಿದರು: "ನೀವು ಮಾಡ್ತಿರೋದು ತಪ್ಪು ಅಂತ ನಿಮಗೆ ಗೊತ್ತಿತ್ತೇನ್ರಿ?"

"ಗೊತ್ತಿತ್ತು ಸ್ವಾಮಿ. ಇಷ್ಟು ದೊಡ್ಡದು ಅಂತ ಗೊತ್ತಿರ್ಲಿಲ್ಲ."

ಸಿದ್ದಪ್ಪ ಬಿಡುಗಡೆಯಾದ. ಈರಭದ್ರಪ್ಪನನ್ನು ಯಾರೂ ಒಳಗೆ ಹಾಕಲಿಲ್ಲ. ಆದರೆ ಮೂರನೆಯ ದಿನ ಬೆಳಿಗ್ಗೆ ಶೆಡ್ಡಿನ ಮುಂದೆ ಷಣ್ಮುಖಪ್ಪನ ಜೀಪು ಬಂದು ನಿಂತಿತು.

ಷಣ್ಮುಖಪ್ಪ ಹನ್ನೊಂದು ಲಾರಿಯ ಸಾಹುಕಾರ. ಎತ್ತರದ ಆಳು, ಮಾತು ಮೆಲ್ಲಗೆ. ಜೊತೆಗೆ ಇಬ್ಬರಿದ್ದರು. ಅವನು ಒಳಗೆ ಬಂದು ಟೆಸ್ಟ್ ಬೆಂಚಿನ ಗಾಜಿನ ಕೊಳವೆಗಳನ್ನು ಒಂದೊಂದಾಗಿ ಬೆರಳಿನಿಂದ ಮುಟ್ಟುತ್ತಾ ಹೋದ. ಕೊನೆಯದನ್ನು ಹೊರಕ್ಕೆ ಎಳೆದು, ಬೆಳಕಿಗೆ ಹಿಡಿದು ನೋಡಿ, ಕೈ ಬಿಟ್ಟ. ಅದು ಕಾಲ ಬಳಿ ಬಿದ್ದು ಪುಡಿಯಾಯಿತು.

"ಇನ್ನೂ ಹನ್ನೊಂದು ಐತಲ್ಲೇನಯ್ಯಾ?" ಎಂದ. "ನನ್ನ ಹೆಸ್ರು ಕೋರ್ಟಲ್ಲಿ ಹೇಳಿದೀಯ. ಪರವಾಗಿಲ್ಲ. ನನ್ನ ಗಾಡಿ ತಂಟೆಗೆ ಇನ್ನು ಬರಬ್ಯಾಡ. ಬೇರೆಯೋರ ಗಾಡಿ ನಿನ್ನ ಹತ್ರ ಬರದಂಗೆ ನಾನು ನೋಡ್ಕೊತೀನಿ."

ಹಾಗೇ ಮಾಡಿದ ಕೂಡ. ಶೆಡ್ಡಿನ ಮುಂದೆ ಲಾರಿ ನಿಲ್ಲುವುದು ನಿಂತಿತು. ಜೀಪಿನ ಸದ್ದು ಕೇಳಿದರೆ ಈರಭದ್ರಪ್ಪ ಬೆವರುತ್ತಿದ್ದ. ಕೊನೆಗೆ ಶೆಡ್ಡಿಗೆ ಬೀಗ ಹಾಕಿ ಮನೆಯಲ್ಲೇ ಕೂತ. ಬುಕ್ಕಾಂಬುಧಿಗೆ ಹೋಗಿ ಅಣ್ಣಂದಿರ ಜೊತೆ ತೋಟ ನೋಡಿಕೊಳ್ಳುವುದೇ ಸರಿ ಎಂದು ಶಕುಂತಲಮ್ಮನಿಗೂ ಹೇಳಿದ.

ಹನ್ನೊಂದನೆಯ ದಿನವೋ ಏನೋ, ಬಾಗಿಲಲ್ಲಿ ಒಬ್ಬ ಹೆಂಗಸು ಕೋಲೂರಿಕೊಂಡು ನಿಂತಿದ್ದಳು. ಮಸಿ ಇಲ್ಲದ ಆ ಮುಖದ ಗುರುತು ಅವನಿಗೆ ಮೊದಲು ಹತ್ತಲಿಲ್ಲ. ಕೆಂಚಮ್ಮ. ಕಾಲು ಕೂಡಿಕೊಂಡಿತ್ತು, ಆದರೆ ಗಿಡ್ಡವಾಗಿತ್ತು. ಈರಭದ್ರಪ್ಪ ಗೋಡೆಗೆ ಒರಗಿದ. ಬೈಯಲು ಬಂದಿದ್ದಾಳೆ, ಶಾಪ ಹಾಕುತ್ತಾಳೆ ಎಂದುಕೊಂಡ.

ಅವಳು ಜಗುಲಿಯ ಮೇಲೆ ಕೂತು, ಶಕುಂತಲಮ್ಮ ಕೊಟ್ಟ ನೀರು ಕುಡಿದು, "ತಪ್ಪು ನಂದು ಅಂದೋರು ಯಾರು ಅಂತ ನೋಡಾನ ಅಂತ ಬಂದೆ ಕಣಪ್ಪಾ" ಎಂದಳು. ಆಮೇಲೆ ಸ್ವಲ್ಪ ಹೊತ್ತು ಕೆಮ್ಮಿದಳು. "ಕಾಲು ಹೋಗಿದ್ದು ಒಂದು ದಿನದ ಮಾತು. ಈ ಕೆಮ್ಮು ನಾಕು ವರ್ಷದ್ದು. ಆ ಏರಲ್ಲಿ ದಿನಾ ಅದೇ ಹೊಗೇಲೇ ಇರ್ತೀವಿ. ಲಾರಿ ಬಂತು ಅಂದ್ರೆ ಎಲ್ರೂ ಚರಂಡಿಗಿಳಿದು ಸೆರಗು ಮುಚ್ಕೊಂಡು ಕೂರಾದು. ಹಾಲು ಕುಡಿಯೋ ಕೂಸು ಇರೋರು ಕೂಸಿನ ಮಕ ಎದೆಗೆ ಒತ್ಕೊಂತಾರೆ. ಅದು ನಿಲ್ಲೋ ಹಂಗೆ ಮಾಡಾಕೆ ನಿನಗೆ ಬತ್ತದಾ?"

"ಬತ್ತದೆ."

"ಮತ್ತೆ ಮನೇಲ್ಯಾಕೆ ಕೂತಿದೀಯ?"

ಮಾರನೆಯ ದಿನ ಈರಭದ್ರಪ್ಪ ಶೆಡ್ಡಿನ ಬೀಗ ತೆಗೆದ.

ಮೊದಲು ಬಂದವನು ಚಿಕ್ಕಬೀರಪ್ಪ. ಅಂದು ನವಿಲಿನ ಲಾರಿ ಓಡಿಸುತ್ತಿದ್ದ ಡ್ರೈವರು ಅವನೇ. ಕೆಂಚಮ್ಮನ ವಿಷಯ ಅವನಿಗೆ ತಿಳಿದದ್ದು ಕೋರ್ಟಿನ ಸುದ್ದಿ ಹಬ್ಬಿದ ಮೇಲೆ. "ಬೆಳಿಗ್ಗೆ ಉಗುಳಿದ್ರೆ ಕರ್ರಗೆ ಬತ್ತದೆ ಮೇಸ್ತ್ರಿ" ಎಂದ. "ಹಿಂದೆ ಯಾರವ್ರೆ ಅಂತ ಕನ್ನಡೀಲಿ ನೋಡಿದ್ರೆ ಹೊಗೆ ಬಿಟ್ರೆ ಏನೂ ಕಾಣ್ಸಾಕಿಲ್ಲ. ನನ್ನ ಕೈಲಿ ಆಗ್ತಿಲ್ಲ. ಸಾವ್ಕಾರ್ರಿಗೆ ಹೇಳ್ದೆ ಕಮ್ಮಿ ಮಾಡಿಕೊಡ್ರಿ."

ಈರಭದ್ರಪ್ಪ ಪಂಪು ಬಿಚ್ಚಿದ. ಹನ್ನೊಂದು ಕೊಳವೆ ಇಟ್ಟುಕೊಂಡೇ ಅಳೆದು, ಸ್ಕ್ರೂವನ್ನು ಮೊದಲಿದ್ದ ಜಾಗಕ್ಕೆ ತಂದು, ಹೊಸ ಸೀಸ ಒತ್ತಿದ.

ವಾರದೊಳಗೆ ಷಣ್ಮುಖಪ್ಪನಿಗೆ ತಿಳಿಯಿತು. ಅವನು ಶೆಡ್ಡಿಗೆ ಬಂದ, ಈ ಸಲ ಏನನ್ನೂ ಒಡೆಯಲಿಲ್ಲ. "ಹತ್ತಯ್ಯಾ ಗಾಡೀನ" ಎಂದ. "ನಿನ್ನ ಕಮ್ಮಿ ಪಂಪು ಆ ಏರು ಹತ್ತಿಸ್ತದೋ ಇಲ್ವೋ, ನಿನ್ನ ಕೂರಿಸ್ಕೊಂಡೇ ನೋಡ್ತೀನಿ."

ಚಿಕ್ಕಬೀರಪ್ಪ ಸ್ಟೇರಿಂಗಿನಲ್ಲಿ, ಷಣ್ಮುಖಪ್ಪ ನಡುವೆ, ಈರಭದ್ರಪ್ಪ ಎಡಗಡೆ ಬಾಗಿಲ ಪಕ್ಕ. ಹಿಂದೆ ಎಂದಿನಂತೆ ತಲೆ ಮೀರಿ ಹೇರಿದ ಗೊಬ್ಬರ. ಲಿಂಗದಹಳ್ಳಿ ದಾಟಿದರು. ಏರು ಶುರುವಾಯಿತು. ಹೊಗೆ ಮೊದಲಿನ ಹಾಗೆ ಇರಲಿಲ್ಲ, ಆದರೆ ಪೂರ್ತಿ ಹೋಗಿಯೂ ಇರಲಿಲ್ಲ. ಒಂದನೇ ಗೇರಿನಲ್ಲಿ ಲಾರಿ ಮುಲುಕುತ್ತಾ ನಡೆಯಿತು. ಎಡಕ್ಕೆ ಕಣಿವೆ. ಈರಭದ್ರಪ್ಪ ಅತ್ತ ನೋಡದಿರಲು ಕಣ್ಣು ಮುಚ್ಚಿದ. ಮುಚ್ಚಿದರೆ ಇನ್ನೂ ಹೆದರಿಕೆಯಾಗಿ ತೆರೆದ.

ಮೂರನೆಯ ತಿರುವಿನಲ್ಲಿ ಇಂಜಿನ್ನು ಒಮ್ಮೆ ಕೊಸರಿ ನಿಂತೇ ಹೋಯಿತು.

ಚಿಕ್ಕಬೀರಪ್ಪ ಬ್ರೇಕಿನ ಮೇಲೆ ಎದ್ದು ನಿಂತ ಹಾಗೆ ತುಳಿದ. ಲಾರಿ ನಿಂತಿತು. ಆಮೇಲೆ, ಬಹಳ ಮೆಲ್ಲಗೆ, ಹಿಂದಕ್ಕೆ ಜಾರತೊಡಗಿತು. ಹ್ಯಾಂಡ್‌ಬ್ರೇಕು ಎಳೆದರೂ ಹಿಡಿಯಲಿಲ್ಲ. ಕ್ಲೀನರು ಅವತ್ತು ರಜೆ ಹಾಕಿದ್ದ. "ಕಟ್ಟೆ ಕೊಡ್ರಿ ಮೇಸ್ತ್ರಿ! ಚಕ್ರಕ್ಕೆ ಕಟ್ಟೆ ಕೊಡ್ರಿ!" ಎಂದು ಚಿಕ್ಕಬೀರಪ್ಪ ಅರಚಿದ.

ಸೀಟಿನ ಕೆಳಗೆ ಚಕ್ರಕ್ಕೆ ಕೊಡುವ ಮರದ ಮೊಟಕು ತುಂಡು ಇತ್ತು. ಅದನ್ನು ಎತ್ತಿಕೊಂಡಿದ್ದು, ಬಾಗಿಲು ತೆಗೆದಿದ್ದು ಈರಭದ್ರಪ್ಪನಿಗೆ ಆಮೇಲೆ ನೆನಪಿರಲಿಲ್ಲ. ನೆನಪಿದ್ದದ್ದು, ಕಾಲಿಟ್ಟ ಜಾಗದಿಂದ ಎರಡು ಮಾರು ಆಚೆಗೆ ನೆಲವೇ ಇರಲಿಲ್ಲ ಎನ್ನುವುದು. ಲಾರಿಯ ಹಿಂಬದಿಗೆ ಓಡಿ ತಿರುಗಿದಾಗ ತನ್ನ ಎದೆಯೆತ್ತರದ ಹಿಂಚಕ್ರ ತನ್ನ ಕಡೆಗೇ ಉರುಳಿ ಬರುತ್ತಿತ್ತು. ಮಂಡಿಯೂರಿ ಮರವನ್ನು ಅದರ ಕೆಳಗೆ ತಳ್ಳಿ ಕೈ ಎಳೆದುಕೊಂಡ. ಚಕ್ರ ಮರವನ್ನು ಅರ್ಧ ಗೇಣು ಹಿಂದಕ್ಕೆ ನೂಕಿತು. ಅಲ್ಲೇ ಕಚ್ಚಿಕೊಂಡಿತು. ಲಾರಿ ನಿಂತಿತು.

ಅವನು ಹುಲ್ಲಿನ ಮೇಲೆ ಕೂತು ವಾಂತಿ ಮಾಡಿದ.

ಷಣ್ಮುಖಪ್ಪ ಇಳಿದು ಬಂದು ಬೀಡಿ ಹಚ್ಚಿದ. "ಸಾಯಿಸ್ಬಿಡ್ತಿದ್ದಲ್ಲೋ ನನ್ನ" ಎಂದ. ಈರಭದ್ರಪ್ಪ ತಲೆ ಎತ್ತಿದ. ಹೆದರಿ ಹೆದರಿ ಅವನಲ್ಲಿ ಹೆದರಲು ಇನ್ನೇನೂ ಉಳಿದಂತಿರಲಿಲ್ಲ.

"ಎಂಟು ಟನ್ನಿನ ಗಾಡಿಗೆ ಹನ್ನೊಂದು ಹೇರಿದೀರಿ ಸಾವ್ಕಾರ್ರೆ. ಹ್ಯಾಂಡ್‌ಬ್ರೇಕ್ ಸತ್ತು ಯಾವ ಕಾಲ ಆಯ್ತೋ. ಇಷ್ಟು ದಿನ ಎಳೀತಿದ್ದಿದ್ದು ನಾನು ತಿರುಗ್ಸಿದ ಸ್ಕ್ರೂ. ಅದು ಎಳೆದಷ್ಟೂ ನೀವು ಹೇರಿದ್ರಿ. ಅರವತ್ತು ಮೂಟೆ ಇಳಿಸ್ರಿ, ಆಮೇಲೆ ನೋಡಾನ."

ಬೇರೆ ದಾರಿ ಇರಲಿಲ್ಲ. ಮೂವರೂ ಸೇರಿ ಮೂಟೆ ಇಳಿಸಿದರು. ಸಾಹುಕಾರನ ಬಿಳಿ ಅಂಗಿಯೂ ಗೊಬ್ಬರವಾಯಿತು. ಆಮೇಲೆ ಈರಭದ್ರಪ್ಪ ಇಂಜಿನ್ನಿಗೆ ಗಾಳಿ ಹೋಗುವ ಫಿಲ್ಟರಿನ ಡಬ್ಬಿ ಬಿಚ್ಚಿ ನೋಡಿದ. ಒಳಗೆ ಆಯಿಲು, ಧೂಳು ಕಲಸಿ ಹುಗ್ಗಿಯಂತಾಗಿತ್ತು. ಡೀಸೆಲ್ಲಿನಲ್ಲಿ ತೊಳೆದು ಹೊಸ ಆಯಿಲು ಹಾಕಿದ. ಇಂಜಿನ್ನಿನೊಳಗೆ ಡೀಸೆಲ್ ಚಿಮುಕಿಸುವ ಆರು ನಾಜಲ್ಲುಗಳಲ್ಲಿ ಒಂದು ಸೋರುತ್ತಿತ್ತು. ತನ್ನ ಸಾಮಾನಿನ ಚೀಲದಲ್ಲಿದ್ದ ಒಂದನ್ನು ಅದರ ಜಾಗಕ್ಕೆ ಕೂರಿಸಿದ.

ಚಿಕ್ಕಬೀರಪ್ಪ ಇಂಜಿನ್ನು ಶುರು ಮಾಡಿ ತುಳಿದ. ಸೈಲೆನ್ಸರಿನ ಬಾಯಲ್ಲಿ ತೆಳು ಬೂದು ಬಣ್ಣ ಕಂಡು ಮಾಯವಾಯಿತು. ಈರಭದ್ರಪ್ಪ ಹತ್ತಲಿಲ್ಲ, ಲಾರಿಯ ಹಿಂದೆ, ಕೈಯಲ್ಲಿ ಆ ಮರದ ತುಂಡು ಹಿಡಿದು ನಡೆದ. ಲಾರಿ ತಿರುವು ಹತ್ತಿತು. ಮುಂದಿನದನ್ನೂ ಹತ್ತಿತು. ಅವನು ಅದರ ಹಿಂದೆಯೇ ಏದುಸಿರು ಬಿಡುತ್ತಾ ನಡೆಯುತ್ತಿದ್ದ, ಮುಂದಿನ ರಸ್ತೆ ಪೂರ್ತಿ ಕಾಣುತ್ತಿತ್ತು. ಇಳಿಸಿದ ಮೂಟೆಗಳನ್ನು ಕಾಯುತ್ತಾ, ಅವುಗಳ ಮೇಲೆಯೇ ಕೂತು, ಷಣ್ಮುಖಪ್ಪ ಎರಡು ಗಂಟೆ ಹೊತ್ತು ರಸ್ತೆ ಬದಿಯಲ್ಲಿದ್ದ. ಆ ಹೊತ್ತಿನಲ್ಲಿ ಬೇರೆಯವರ ಏಳೆಂಟು ಲಾರಿಗಳು ಅವನ ಮುಂದೆ ಹಾದುಹೋದವು. ಚಿಕ್ಕಬೀರಪ್ಪ ಎರಡನೆಯ ಟ್ರಿಪ್ಪಿಗೆ ಇಳಿದು ಬಂದಾಗ ಸಾಹುಕಾರನ ಕಣ್ಣು ಕೆಂಪಾಗಿತ್ತು. ಟವೆಲಿನಿಂದ ಮೂಗು ಮುಚ್ಚಿಕೊಂಡೇ ಗಾಡಿ ಹತ್ತಿದ.

ಷಣ್ಮುಖಪ್ಪ ಒಳ್ಳೆಯವನಾಗಿಬಿಟ್ಟ ಎಂದು ಹೇಳಿದರೆ ಸುಳ್ಳಾಗುತ್ತದೆ. ಹನ್ನೊಂದರಲ್ಲಿ ಘಟ್ಟ ಹತ್ತುವ ನಾಲ್ಕು ಲಾರಿಗಳನ್ನು ಈರಭದ್ರಪ್ಪನ ಹತ್ತಿರ ಕಳಿಸಿದ, ಅವುಗಳ ಬ್ರೇಕು ಸರಿ ಮಾಡಿಸಿದ. ಉಳಿದವು ಬೀರೂರಿನಲ್ಲಿ ಬೇರೆ ಯಾರ ಹತ್ತಿರವೋ ಹೋಗುತ್ತಿದ್ದವು. ಆದರೆ ಈರಭದ್ರಪ್ಪನ ಶೆಡ್ಡಿಗೆ ಬರಬೇಡಿ ಎಂದು ಯಾರನ್ನೂ ತಡೆಯಲಿಲ್ಲ. ಡ್ರೈವರುಗಳು ಬಂದರು, ಕಪ್ಪಗೆ ಉಗುಳುತ್ತಿದ್ದವನು ಚಿಕ್ಕಬೀರಪ್ಪ ಒಬ್ಬನೇ ಆಗಿರಲಿಲ್ಲ. ಸೀಲು ಕೀಳಿಸಲು ಬಂದವರನ್ನು ಈರಭದ್ರಪ್ಪ ಹಾಗೇ ವಾಪಸು ಕಳಿಸುತ್ತಿದ್ದ. ಕಳಿಸಿ, ಅವರು ತಿರುಗಿ ಬಂದು ಏನು ಮಾಡುತ್ತಾರೋ ಎಂದು ಅರ್ಧ ದಿನ ಬಾಗಿಲು ನೋಡುತ್ತಾ ಕೂರುತ್ತಿದ್ದ.

೧೯೮೭ರಲ್ಲಿ ಹೊಗೆ ಅಳೆಯುವ ಮಿಷನ್ನು ತೆಗೆದುಕೊಂಡು ಅಧಿಕಾರಿಯೊಬ್ಬರು ಕಡೂರಿಗೆ ಬಂದರು. ಸಾಲಾಗಿ ನಿಲ್ಲಿಸಿದ ಲಾರಿಗಳಲ್ಲಿ ಒಂಬತ್ತು ಈರಭದ್ರಪ್ಪನ ಕೈಯವು. ಯಾರೂ ಕರೆಯದಿದ್ದರೂ ಅವನು ಹೋಗಿ ಹೊಂಗೆ ಮರದ ಕೆಳಗೆ ನಿಂತಿದ್ದ. ಇಷ್ಟು ವರ್ಷ ಕಣ್ಣಿನಿಂದ ನೋಡಿ, ಕೊಳವೆಯಲ್ಲಿ ಅಳೆದು ಸರಿ ಅಂದದ್ದೆಲ್ಲ ತಪ್ಪಾಗಿದ್ದರೆ ಎಂಬ ಹೆದರಿಕೆ. ಏಳು ಲಾರಿ ಪಾಸಾದವು, ಎರಡು ಆಗಲಿಲ್ಲ. ಒಂದರ ಸೀಲನ್ನು ಮಾಲೀಕ ಗುಟ್ಟಾಗಿ ಕೀಳಿಸಿದ್ದ. ಇನ್ನೊಂದರಲ್ಲಿ ತಪ್ಪು ಈರಭದ್ರಪ್ಪನದೇ. ಸವೆದ ನಾಜಲ್ಲನ್ನು ಗಡಿಬಿಡಿಯಲ್ಲಿ ಪರವಾಗಿಲ್ಲ ಎಂದು ಬಿಟ್ಟಿದ್ದ.

"ಎರಡೇ ಅಲ್ವೇನ್ರಿ, ಬೇರೆಯವರದು ಅರ್ಧಕ್ಕರ್ಧ ಫೇಲಾಗಿದೆ" ಎಂದರು ಅಧಿಕಾರಿ, ಸಮಾಧಾನಕ್ಕೆ.

"ಆ ಗಾಡಿ ಬಿಟ್ಟು ಐದು ತಿಂಗಳಾಯ್ತು ಸ್ವಾಮಿ, ಅಷ್ಟು ದಿನ ಯಾರ ಮುಂದೆ ಓಡೈತೋ" ಎಂದ ಈರಭದ್ರಪ್ಪ. ಆ ಲಾರಿಯನ್ನು ಅಲ್ಲಿಂದ ಅಲುಗಾಡಲು ಬಿಡದೆ, ಬಿಸಿಲಲ್ಲೇ ನೆಲದ ಮೇಲೆ ಗೋಣಿ ಹಾಸಿ ಬಿಚ್ಚತೊಡಗಿದ.

ಮರುವಾರ ಆ ಅಧಿಕಾರಿಯೇ ಸುತ್ತಲ ಹದಿನಾಲ್ಕು ಜನ ಮೆಕ್ಯಾನಿಕ್ಕುಗಳನ್ನು ಸೇರಿಸಿ, ಅವನಿಂದ ಮಾತಾಡಿಸಿದರು. ಅಷ್ಟು ಜನರ ಮುಂದೆ ನಿಂತು ಈರಭದ್ರಪ್ಪ ಮೊದಲ ಐದು ನಿಮಿಷ ಪಂಪಿನ ಸ್ಕ್ರೂ ತೋರಿಸುತ್ತಾ ತೊದಲಿದ. ಆಮೇಲೆ ಪಂಪಿನ ವಿಷಯ ಬಿಟ್ಟು ಕೆಂಚಮ್ಮನ ಕಾಲಿನ ವಿಷಯ ಹೇಳಿದ. ಕೇಳಿದವರಲ್ಲಿ ಮೂವರು ಅದೇ ತಿಂಗಳು ಮತ್ತೆ ಸೀಲು ಕಿತ್ತರು. ಹನ್ನೊಂದು ಜನ ಕೀಳಲಿಲ್ಲ.